ಬಾಗಿದ ಮೇಲ್ಮೈ ನುಣುಪಾಗುತ್ತಿಲ್ಲವೇ, ಉಬ್ಬಕ್ಷರ ಕೂರುತ್ತಿಲ್ಲವೇ? ಕ್ಯಾಡ್ ಮಾಡೆಲ್‌ನಲ್ಲಿ ದೋಷ ಹುಡುಕುವ ಬಗೆ

ಕ್ಯಾಡ್‌ನಲ್ಲಿ, ಅಂದರೆ ಕಂಪ್ಯೂಟರಿನಲ್ಲಿ ವಸ್ತುಗಳ ಮಾದರಿ ಕಟ್ಟುವ ತಂತ್ರಾಂಶದಲ್ಲಿ, ಬ್ರ್ಯಾಕೆಟ್, ಪೆಟ್ಟಿಗೆ, ಫ್ಲ್ಯಾಂಜ್‌ಗಳನ್ನು ಕಣ್ಣುಮುಚ್ಚಿ ಮಾಡಬಲ್ಲವರೂ ಮೌಸ್‌ನ ಬೆನ್ನು, ಟಾರ್ಚಿನ ಹಿಡಿ, ಬಾಟಲಿಯ ಭುಜ ಎದುರಾದಾಗ ತಡವರಿಸುತ್ತಾರೆ. ಮೇಲ್ಮೈ ಎಲ್ಲೋ ಸುಕ್ಕಾಗಿರುತ್ತದೆ, ನಡುವೆ ಏಣು ಎದ್ದಿರುತ್ತದೆ. ಅದರ ಮೇಲೆ ಹೆಸರನ್ನು ಉಬ್ಬಿಸಹೋದರೆ ತಂತ್ರಾಂಶ ಕೆಂಪು ಗುರುತು ತೋರಿಸಿ ನಿಂತುಬಿಡುತ್ತದೆ. ಆಗ ಕೈ ತಾನಾಗಿ ಓಡುವುದು ತೇಪೆಯ ಕಡೆಗೆ. ಕಂಡ ಜಾಗಕ್ಕೆ ಒಂದು ಫಿಲೆಟ್ (ಅಂಚನ್ನು ದುಂಡಗಾಗಿಸುವುದು), ಅದು ಕೆಟ್ಟರೆ ಅದರ ಮೇಲೊಂದು ಪ್ಯಾಚ್.

ವರ್ಷಗಟ್ಟಲೆ ಇದೇ ಕೆಲಸ ಮಾಡಿದ ಮೇಲೆ ನನಗೆ ಖಚಿತವಾಗಿರುವುದು ಇಷ್ಟು: ದೋಷ ಕಾಣಿಸುವ ಜಾಗದಲ್ಲೇ ಅದು ಹುಟ್ಟಿರುವುದು ಅಪರೂಪ. ಮೇಲ್ಮೈ ಹುಟ್ಟುವುದು ಗೆರೆಗಳಿಂದ. ಗೆರೆಯಲ್ಲಿ ಕೂದಲೆಳೆಯಷ್ಟಿದ್ದ ಕೊಂಕು ಮೇಲ್ಮೈಯಲ್ಲಿ ಬೆಳಕು ಬಿದ್ದಾಗ ಎದ್ದು ಕಾಣುತ್ತದೆ, ಶೆಲ್ (ಒಳಗೆ ಟೊಳ್ಳು ಮಾಡುವುದು) ಅಥವಾ ಎಂಬಾಸ್ (ಉಬ್ಬಿಸುವುದು) ಮಾಡುವಾಗ ಕಮ್ಯಾಂಡನ್ನೇ ಬೀಳಿಸುತ್ತದೆ. ಆದ್ದರಿಂದ ಕೆಳಗಿನ ಎಲ್ಲ ಪರೀಕ್ಷೆಗಳೂ ಹಿಂದಕ್ಕೆ, ಗೆರೆಯ ಕಡೆಗೆ ನಡೆಯುತ್ತವೆ.

## ಯಾವ ಲಕ್ಷಣವೇ ಇರಲಿ, ಮೊದಲು ಇದು

ಫೈಲಿನ ಒಂದು ಪ್ರತಿಯನ್ನು ಬೇರೆ ಹೆಸರಿನಲ್ಲಿ ಉಳಿಸಿ. ಮೇಲ್ಮೈ ದುರಸ್ತಿಯಲ್ಲಿ ಒಂದು ಹಳೆಯ ಸ್ಕೆಚ್ (ಮೂಲ ಗೆರೆಚಿತ್ರ) ಮುಟ್ಟಿದರೆ ಅದರ ಮೇಲೆ ಕಟ್ಟಿದ ಮುಂದಿನ ಹತ್ತು ಫೀಚರ್‌ಗಳು ಒಟ್ಟಿಗೆ ಕುಸಿಯಬಹುದು. ಅನ್‌ಡೂ ಆಗ ಅಲ್ಲಿಯವರೆಗೆ ಹಿಂದಕ್ಕೆ ಹೋಗುತ್ತದೆ ಎಂದು ನಂಬಬೇಡಿ.

ಆಮೇಲೆ ಟೈಮ್‌ಲೈನ್ ಅಥವಾ ಫೀಚರ್ ಪಟ್ಟಿಯನ್ನು ಕೊನೆಯಿಂದ ಒಂದೊಂದೇ ಹೆಜ್ಜೆ ಹಿಂದಕ್ಕೆ ಎಳೆಯುತ್ತಾ ಹೋಗಿ. ಪ್ರತಿ ಹೆಜ್ಜೆಗೂ ನಿಂತು ದೋಷ ಇನ್ನೂ ಇದೆಯೇ ಎಂದು ನೋಡಿ. ಯಾವ ಫೀಚರ್ ದಾಟಿದಾಗ ದೋಷ ಮಾಯವಾಗುತ್ತದೋ ದೋಷ ಒಳಬಂದದ್ದು ಅಲ್ಲೇ. ಎರಡು ನಿಮಿಷದ ಕೆಲಸ. ಇದನ್ನು ಬಿಟ್ಟು ನೇರ ರಿಪೇರಿಗೆ ಇಳಿದವರು ಎರಡು ದಿನ ಕಳೆಯುವುದನ್ನು ನೋಡಿದ್ದೇನೆ.

## ದುಂಡಗಿರಬೇಕಾದದ್ದು ಚಪ್ಪಟೆ ತುಣುಕುಗಳಾಗಿ ಕಾಣುತ್ತಿದೆ

ಇದು ಎಲ್ಲಕ್ಕಿಂತ ಅಗ್ಗದ ದೋಷ, ಬಹಳ ಸಲ ದೋಷವೇ ಅಲ್ಲ. ಕ್ಯಾಡ್ ತಂತ್ರಾಂಶ ಒಳಗೆ ನಿಜವಾದ ವಕ್ರವನ್ನೇ ಇಟ್ಟುಕೊಂಡಿರುತ್ತದೆ. ಆದರೆ ಪರದೆಗೆ ಬಿಡಿಸುವಾಗ ಅದನ್ನು ಸಣ್ಣ ತ್ರಿಕೋನಗಳಾಗಿ ಒಡೆಯುತ್ತದೆ. ತ್ರಿಕೋನ ದೊಡ್ಡದಾದರೆ ವೃತ್ತ ಬಹುಭುಜದಂತೆ ಕಾಣುತ್ತದೆ.

ಪರೀಕ್ಷೆ ಸುಲಭ. ಆ ಎಡ್ಜ್ ಮೇಲೆ ಕ್ಲಿಕ್ ಮಾಡಿ ಅಳತೆ ತೆಗೆಯಿರಿ. ತ್ರಿಜ್ಯ ಎಂದು ಒಂದೇ ಸಂಖ್ಯೆ ಬಂದರೆ ಅದು ನಿಜವಾದ ಕಂಸ. ಪ್ರದರ್ಶನದ ಗುಣಮಟ್ಟ ಹೆಚ್ಚಿಸಿದರೆ ಮುಗಿಯಿತು. ಸಾಲಿಡ್‌ವರ್ಕ್ಸ್‌ನಲ್ಲಿ ಇದು ಡಾಕ್ಯುಮೆಂಟ್ ಪ್ರಾಪರ್ಟೀಸ್‌ನ ಇಮೇಜ್ ಕ್ವಾಲಿಟಿಯಲ್ಲಿ, ಫ್ರೀಕ್ಯಾಡ್‌ನಲ್ಲಿ ಭಾಗದ ವ್ಯೂ ಗುಣಗಳ ಡೀವಿಯೇಶನ್‌ನಲ್ಲಿ, ರೈನೋದಲ್ಲಿ ಮೆಶ್ ಸೆಟ್ಟಿಂಗ್‌ನಲ್ಲಿ ಸಿಗುತ್ತದೆ. ಅದರ ಬದಲು ತುಂಡು ತುಂಡು ನೇರ ಗೆರೆಗಳು ಸಿಕ್ಕರೆ ನಿಮ್ಮ ಕೈಯಲ್ಲಿರುವುದು ಮೆಶ್ (ಬರೀ ತ್ರಿಕೋನಗಳ ಬಲೆ), ಅಥವಾ ಮೆಶ್‌ನಿಂದ ಪರಿವರ್ತಿಸಿದ ಘನ. ಅದನ್ನು ನುಣುಪು ಮಾಡುವ ಬಟನ್ ಯಾವುದೂ ಇಲ್ಲ. ನಿಜವಾದ ವಕ್ರಗಳನ್ನೇ ಇಟ್ಟುಕೊಳ್ಳುವ ಮೂಲ ಸ್ಟೆಪ್ ಫೈಲ್ ಕೇಳಿ ಪಡೆಯಿರಿ, ಇಲ್ಲವಾದರೆ ಆ ಮೆಶ್ಶನ್ನು ಹಿಂಬದಿಗೆ ಇಟ್ಟುಕೊಂಡು ಅದರ ಮೇಲೆ ಹೊಸದಾಗಿ ಮೇಲ್ಮೈ ಕಟ್ಟಿ.

ಪರದೆಯಲ್ಲಿ ನುಣುಪಾಗಿದ್ದು 3ಡಿ ಪ್ರಿಂಟ್ ಆಗಿ ಬಂದಾಗ ಮಾತ್ರ ಮುಖಗಳು ಕಂಡರೆ ತಪ್ಪಿರುವುದು ಎಸ್‌ಟಿಎಲ್ ರಫ್ತಿನಲ್ಲಿ, ಅಂದರೆ ಪ್ರಿಂಟರ್‌ಗಾಗಿ ಮಾಡೆಲನ್ನು ತ್ರಿಕೋನಗಳಾಗಿ ಉಳಿಸುವ ಹೆಜ್ಜೆಯಲ್ಲಿ. ಇಲ್ಲಿ ಎರಡು ಮಿತಿಗಳಿವೆ: ವಕ್ರದಿಂದ ತ್ರಿಕೋನ ಎಷ್ಟು ದೂರ ಸರಿಯಬಹುದು ಎಂಬುದು ಒಂದು, ಪಕ್ಕದ ತ್ರಿಕೋನಗಳ ನಡುವಿನ ಕೋನ ಎಷ್ಟಿರಬಹುದು ಎಂಬುದು ಇನ್ನೊಂದು. ಕೋನವನ್ನು 10 ಡಿಗ್ರಿಗೆ ಇಟ್ಟರೆ 5 ಮಿ.ಮೀ. ತ್ರಿಜ್ಯದ ಮೂಲೆಯಲ್ಲಿ ಸರಿಯುವ ದೂರ 0.02 ಮಿ.ಮೀ. ಮಾತ್ರ, ಕಣ್ಣಿಗೆ ಬೀಳುವುದಿಲ್ಲ. ಅದೇ 10 ಡಿಗ್ರಿ 50 ಮಿ.ಮೀ. ತ್ರಿಜ್ಯದ ಬೆನ್ನಿನ ಮೇಲೆ 0.19 ಮಿ.ಮೀ. ಆಗುತ್ತದೆ, ಬೆರಳಿಗೇ ಸಿಗುತ್ತದೆ. ಕೋನವನ್ನು 5 ಡಿಗ್ರಿಗೆ ಇಳಿಸಿದರೆ ಅದು ಸುಮಾರು 0.05ಕ್ಕೆ ಬರುತ್ತದೆ. ದೊಡ್ಡ ತ್ರಿಜ್ಯದ ಭಾಗಗಳಿಗೆ ಕೋನಕ್ಕಿಂತ ದೂರದ ಮಿತಿಯನ್ನೇ ನಂಬಿ, 0.02 ಮಿ.ಮೀ. ಹೆಚ್ಚಿನ ಪ್ರಿಂಟ್‌ಗಳಿಗೆ ಸಾಕು.

ಇನ್ನೊಂದು ಮಾತು: ಎಸ್‌ಟಿಎಲ್ ಫೈಲಿನಲ್ಲಿ ಅಳತೆಯ ಮಾನ ಇರುವುದಿಲ್ಲ. ಭಾಗ 25.4 ಪಟ್ಟು ಚಿಕ್ಕದೋ ದೊಡ್ಡದೋ ಆಗಿ ಬಂದರೆ ಇಂಚು ಮತ್ತು ಮಿಲಿಮೀಟರ್ ಅದಲುಬದಲಾಗಿದೆ, ಬೇರೇನೂ ಹುಡುಕಬೇಡಿ.

## ಎರಡು ಮೇಲ್ಮೈ ಸೇರುವಲ್ಲಿ ಗೆರೆ ಎದ್ದು ಕಾಣುತ್ತಿದೆ

ಇಲ್ಲಿ ಕಣ್ಣಿನ ಅಂದಾಜು ಸಾಲದು. ಜೀಬ್ರಾ ಪಟ್ಟೆಗಳನ್ನು ಆನ್ ಮಾಡಿ. ಸಾಲುದೀಪಗಳ ಕೆಳಗೆ ಹೊಳಪಿನ ಕಾರನ್ನು ನಿಲ್ಲಿಸಿದರೆ ಅದರ ಮೈಮೇಲೆ ದೀಪಗಳ ಪ್ರತಿಬಿಂಬ ಹೇಗೆ ಹರಿಯುತ್ತದೋ ಈ ಪಟ್ಟೆಗಳೂ ಹಾಗೆಯೇ. ಸೇರುವ ಗೆರೆಯ ಬಳಿ ಮೂರು ಬಗೆ ಕಾಣಬಹುದು.

ಪಟ್ಟೆಗಳು ಒಂದಕ್ಕೊಂದು ಸೇರದೆ ಪಕ್ಕಕ್ಕೆ ಜಿಗಿದರೆ ಎರಡೂ ಮೇಲ್ಮೈಗಳು ಬರೀ ತಾಗಿಕೊಂಡಿವೆ, ಇಳಿಜಾರು ಒಂದೇ ಅಲ್ಲ. ಇದನ್ನು ಜಿ0 ಎನ್ನುತ್ತಾರೆ. ಪಟ್ಟೆಗಳು ಸೇರಿದರೂ ಗೆರೆಯ ಬಳಿ ಥಟ್ಟನೆ ದಿಕ್ಕು ಬದಲಿಸಿದರೆ ಇಳಿಜಾರು ಒಂದೇ, ಬಾಗು ಬೇರೆ, ಇದು ಜಿ1. ಗೆರೆ ಎಲ್ಲಿದೆ ಎಂದೇ ತಿಳಿಯದಂತೆ ಹರಿದುಹೋದರೆ ಬಾಗೂ ಹೊಂದಿದೆ, ಅದು ಜಿ2.

ಬಹಳ ಜನ ಎಡವುವುದು ಎರಡನೆಯದರಲ್ಲಿ. ಸ್ಪರ್ಶಕ ನಿರ್ಬಂಧ (ಇಳಿಜಾರು ಹೊಂದಿಸುವ ಷರತ್ತು) ಹಾಕಿದ್ದೇನೆ, ಆದರೂ ಹೊಳಪಿನಲ್ಲಿ ಗೆರೆ ಕಾಣುತ್ತದೆ ಎನ್ನುತ್ತಾರೆ. ಕಾಣಲೇಬೇಕು. ಬಾಗು ಎಂದರೆ 1 ಭಾಗಿಸು ತ್ರಿಜ್ಯ. ನೇರ ಗೆರೆಯ ಬಾಗು 0, 10 ಮಿ.ಮೀ. ಕಂಸದ ಬಾಗು 0.1. ನೇರ ಗೆರೆ ಕಂಸಕ್ಕೆ ಎಷ್ಟೇ ಚೆನ್ನಾಗಿ ಸ್ಪರ್ಶಿಸಿದರೂ ಆ ಬಿಂದುವಿನಲ್ಲಿ ಬಾಗು 0ಯಿಂದ 0.1ಕ್ಕೆ ಒಂದೇ ನೆಗೆತ ನೆಗೆಯುತ್ತದೆ. ಮಾಮೂಲಿ ಫಿಲೆಟ್‌ಗಳ ಅಂಚಿನಲ್ಲೆಲ್ಲ ಇದೇ ನಡೆಯುತ್ತದೆ. ಯಂತ್ರಭಾಗಕ್ಕೆ ಅದರಿಂದ ಏನೂ ಆಗುವುದಿಲ್ಲ, ಹೊಳಪು ಬಣ್ಣ ಬಳಿಯುವ ಹೊರಮೈಗೆ ಆಗುತ್ತದೆ.

ಪರಿಹಾರವನ್ನು ಈ ಕ್ರಮದಲ್ಲಿ ನೋಡಿ. ಫಿಲೆಟ್‌ನಲ್ಲಿ ಕರ್ವೇಚರ್ ಕಂಟಿನ್ಯುಯಸ್ ಅಥವಾ ಜಿ2 ಎಂಬ ಆಯ್ಕೆ ಇದ್ದರೆ ಅದನ್ನು ಒತ್ತಿ. ಗೆರೆಗಳ ನಡುವೆ ಹರಡಿದ ಲಾಫ್ಟ್, ಬೌಂಡರಿ ಅಥವಾ ಫಿಲ್ ಸರ್ಫೇಸ್ ಆಗಿದ್ದರೆ ಆ ಅಂಚಿನ ಷರತ್ತನ್ನು ಸ್ಪರ್ಶಕದಿಂದ ಕರ್ವೇಚರ್‌ಗೆ ಬದಲಿಸಿ. ಇವೆರಡೂ ಆಗದಿದ್ದರೆ ಸೇರುವ ಗೆರೆಯ ಎರಡೂ ಬದಿಯಿಂದ ಒಂದಿಷ್ಟು ಅಗಲದ ಪಟ್ಟಿಯನ್ನು ಕತ್ತರಿಸಿ ತೆಗೆದು, ಖಾಲಿಯಾದ ಜಾಗಕ್ಕೆ ಜಿ2 ಸೇತುವೆ ಮೇಲ್ಮೈ ಕಟ್ಟಿ. ಪಟ್ಟಿ ತೀರಾ ಕಿರಿದಾದರೆ ಬಾಗು ಹೊಂದಿಕೊಳ್ಳಲು ಜಾಗ ಸಿಗದೆ ಹೊಸ ಉಬ್ಬು ಏಳುತ್ತದೆ, ಧಾರಾಳವಾಗಿ ಕತ್ತರಿಸಿ.

## ಕನ್ನಡಿ ಪ್ರತಿ ಮಾಡಿದ ಮೇಲೆ ನಟ್ಟನಡುವೆ ಏಣು

ಇದರ ಬಗ್ಗೆ ವಿವರವಾಗಿ ಬರೆಯಬೇಕು, ಏಕೆಂದರೆ ಇಷ್ಟು ಸಾಮಾನ್ಯವಾದ, ಇಷ್ಟು ತಪ್ಪಾಗಿ ರಿಪೇರಿಯಾಗುವ ದೋಷ ಇನ್ನೊಂದಿಲ್ಲ.

ಅರ್ಧ ಭಾಗ ಮಾಡಿ ಮಿರರ್ ಹೊಡೆಯುತ್ತೇವೆ. ನಡುಗೆರೆಯಲ್ಲಿ ಸಣ್ಣ ಏಣೋ ಸಣ್ಣ ಕಣಿವೆಯೋ ಉಳಿಯುತ್ತದೆ. ನಾನು ಒಮ್ಮೆ ಟಾರ್ಚಿನ ಹೊರಕವಚ ಮಾಡುವಾಗ ಇದರ ಮೇಲೆ ಮೂರು ದಿನ ಫಿಲೆಟ್ ಸುರಿದೆ. ಒಂದು ಫಿಲೆಟ್ ಕೂರುತ್ತಿತ್ತು, ಮುಂದೆ ಮೂಗಿನ ಬಳಿ ಹರಿಯುತ್ತಿತ್ತು. ಕೊನೆಗೆ ಮೊದಲ ಸ್ಕೆಚ್ ತೆರೆದು ನೋಡಿದರೆ ಸ್ಪ್ಲೈನ್‌ನ (ಬಿಂದುಗಳಿಂದ ರೂಪಿಸುವ ಬಾಗುಗೆರೆಯ) ತುದಿಯ ಹಿಡಿಕೆ ಅಡ್ಡಕ್ಕೆ ನೇರವಿರದೆ 2 ಡಿಗ್ರಿ ಕೆಳಗೆ ಬಾಗಿತ್ತು. ಕನ್ನಡಿಯಾಚೆಯ ಅರ್ಧದಲ್ಲೂ 2 ಡಿಗ್ರಿ, ಎರಡೂ ಸೇರಿ 4 ಡಿಗ್ರಿಯ ಮುರಿತ. ಹಿಡಿಕೆಗೆ ಹಾರಿಜಾಂಟಲ್ ನಿರ್ಬಂಧ ಕೊಟ್ಟೆ, ಏಣು ಹೋಯಿತು.

ನಿಯಮ ಹೀಗಿದೆ: ಕನ್ನಡಿ ಸಮತಲವನ್ನು ದಾಟುವ ಪ್ರತಿಯೊಂದು ಗೆರೆಯೂ ಅಲ್ಲಿ ಸಮತಲಕ್ಕೆ ಸರಿಯಾಗಿ 90 ಡಿಗ್ರಿಯಲ್ಲಿ ಬಂದು ಮುಟ್ಟಬೇಕು. ಹಾಗೆ ಮುಟ್ಟಿದರೆ ಎರಡು ಅರ್ಧಗಳ ಬಾಗೂ ತಾನಾಗಿ ಹೊಂದುತ್ತದೆ, ಏಕೆಂದರೆ ಕನ್ನಡಿಯಲ್ಲಿ ಬಾಗಿನ ಬೆಲೆ ಬದಲಾಗುವುದಿಲ್ಲ. ಅಂದರೆ ಜಿ1 ಸರಿಮಾಡಿಕೊಂಡರೆ ಜಿ2 ಅದರ ಜೊತೆಗೇ ಬರುತ್ತದೆ. ಹೀಗೆ ಪುಕ್ಕಟೆಯಾಗಿ ಜಿ2 ಸಿಗುವ ಜಾಗ ಕ್ಯಾಡ್‌ನಲ್ಲಿ ಹೆಚ್ಚಿಲ್ಲ.

ಗೆರೆ ಸರಿಯಿದ್ದರೂ ಏಣು ಉಳಿದರೆ ಮೇಲ್ಮೈಯ ಅಂಚಿನ ಷರತ್ತು ನೋಡಿ. ಲಾಫ್ಟ್ ಅಥವಾ ಬೌಂಡರಿಯಲ್ಲಿ ಆ ಅಂಚಿಗೆ ಪ್ರೊಫೈಲ್‌ಗೆ (ಅಡ್ಡಗೆರೆಗೆ) ಲಂಬ ಎಂಬ ಷರತ್ತು ಕೊಡಬೇಕು. ಗೆರೆಗಳು ಇರುವ ಜಾಗಗಳಲ್ಲಷ್ಟೇ ಸ್ಕೆಚ್‌ನ ನಿರ್ಬಂಧ ಕೆಲಸ ಮಾಡುತ್ತದೆ, ಅವುಗಳ ನಡುವಿನ ಮೈಯನ್ನು ಹಿಡಿದಿಡುವುದು ಈ ಷರತ್ತು. ಅದೂ ಆಗದಿದ್ದರೆ ಅರ್ಧವನ್ನು ಬಿಟ್ಟು ಇಡೀ ಅಗಲಕ್ಕೆ ಒಂದೇ ಮೇಲ್ಮೈ ಕಟ್ಟಿ. ನಡುವೆ ಜೋಡಣೆಯೇ ಇರದಿದ್ದರೆ ಏಣೂ ಇರದು.

ಗೆರೆಯನ್ನು ಅಕ್ಷದ ಸುತ್ತ ತಿರುಗಿಸಿ (ರಿವಾಲ್ವ್) ಗುಮ್ಮಟದಂಥ ಭಾಗ ಮಾಡಿದಾಗ ತುದಿಯಲ್ಲಿ ಮೊನೆಯೋ ಹೊಕ್ಕುಳಂಥ ತಗ್ಗೋ ಕಂಡರೂ ಕಾರಣ ಇದೇ: ಗೆರೆ ಅಕ್ಷವನ್ನು 90 ಡಿಗ್ರಿಯಲ್ಲಿ ಮುಟ್ಟಿಲ್ಲ.

## ಮೇಲ್ಮೈ ಅಲೆಅಲೆಯಾಗಿದೆ, ಸುಕ್ಕು ಬಿದ್ದಿದೆ

ಸ್ಕೆಚ್‌ಗೆ ಹೋಗಿ ಸ್ಪ್ಲೈನ್ ಆರಿಸಿ ಕರ್ವೇಚರ್ ಕೋಂಬ್ ಆನ್ ಮಾಡಿ. ಗೆರೆಯ ಉದ್ದಕ್ಕೂ ಬಾಚಣಿಗೆಯ ಹಲ್ಲುಗಳು ಮೂಡುತ್ತವೆ, ಹಲ್ಲಿನ ಉದ್ದ ಆ ಬಿಂದುವಿನ ಬಾಗು. ಒಳ್ಳೆಯ ಗೆರೆಯ ಹಲ್ಲುಗಳು ಮೆಲ್ಲಗೆ ಏರಿ ಮೆಲ್ಲಗೆ ಇಳಿಯುತ್ತವೆ. ಕೆಟ್ಟ ಗೆರೆಯಲ್ಲಿ ಹತ್ತಾರು ಗುಡ್ಡಗಳು ಕಾಣುತ್ತವೆ, ನೀವು ಬಯಸದ ಕಡೆ ಹಲ್ಲುಗಳು ಗೆರೆಯ ಇನ್ನೊಂದು ಬದಿಗೆ ದಾಟುತ್ತವೆ. ಬರಿಗಣ್ಣಿಗೆ ಆ ಗೆರೆ ನುಣುಪಾಗಿಯೇ ಕಂಡಿರುತ್ತದೆ.

ಹೆಚ್ಚಿನ ಸಲ ಕಾರಣ ಒಂದೇ, ಬಿಂದುಗಳು ಅತಿಯಾಗಿವೆ. ಚಿತ್ರವನ್ನು ಹಿಂದಿಟ್ಟು ಅದರ ಮೇಲೆ ಗೆರೆ ಎಳೆಯುವಾಗ ಹತ್ತಿರ ಹತ್ತಿರ ಕ್ಲಿಕ್ ಮಾಡುತ್ತಾ ಹೋಗುತ್ತೇವೆ. ಹಾದುಹೋಗುವ ಬಿಂದುಗಳಿಂದ ಮಾಡಿದ ಸ್ಪ್ಲೈನ್ ಪ್ರತಿ ಬಿಂದುವನ್ನೂ ಮುಟ್ಟಲೇಬೇಕು, ನಿಮ್ಮ ಕೈ ಕೂದಲಷ್ಟು ಅಲುಗಿದರೂ ಅದು ಅಲೆಯಾಗುತ್ತದೆ. ಬಿಂದುಗಳನ್ನು ಒಂದೊಂದಾಗಿ ಅಳಿಸುತ್ತಾ ಕೋಂಬ್ ನೋಡಿ. ಆಕಾರ ಕೈಬಿಡುವವರೆಗೂ ಅಳಿಸುತ್ತಲೇ ಇರಿ.

ನನ್ನ ಅಭ್ಯಾಸ ಇನ್ನೂ ಕಟ್ಟುನಿಟ್ಟು. ಹೊರಮೈಯ ಮುಖ್ಯ ಗೆರೆಗಳಿಗೆ ಹಾದುಹೋಗುವ ಬಿಂದುಗಳನ್ನು ಬಳಸುವುದೇ ಇಲ್ಲ, ಗೆರೆಯನ್ನು ದೂರದಿಂದ ಸೆಳೆಯುವ ಕಂಟ್ರೋಲ್ ಪಾಯಿಂಟ್‌ಗಳಿಂದಲೇ ಎಳೆಯುತ್ತೇನೆ. ಹಾಗೆ ಎಳೆಯುವ ಬೆಜಿಯೇ ಗೆರೆಯ ಡಿಗ್ರಿ (ಕೋನವಲ್ಲ, ಸಮೀಕರಣದ ಘಾತ) 3 ಆದರೆ 4 ಕಂಟ್ರೋಲ್ ಪಾಯಿಂಟ್, ಡಿಗ್ರಿ 5 ಆದರೆ 6. ಅಷ್ಟರಲ್ಲಿ ಹಿಡಿಯಲಾಗದ ಆಕಾರ ಎದುರಾದರೆ ಆ ಗೆರೆ ಎರಡು ಗೆರೆಗಳಾಗಬೇಕಿದೆ ಎಂದು ಅರ್ಥಮಾಡಿಕೊಳ್ಳುತ್ತೇನೆ.

ಗೆರೆಗಳೆಲ್ಲ ಶುದ್ಧವಾಗಿದ್ದೂ ಮೈ ಸುಕ್ಕಾದರೆ ಅಡ್ಡಗೆರೆಗಳನ್ನು ಎಣಿಸಿ. ಲಾಫ್ಟ್‌ಗೆ ಎಂಟು ಪ್ರೊಫೈಲ್ ಕೊಟ್ಟರೆ ಅದು ಎಂಟನ್ನೂ ಮುಟ್ಟಲು ತಿಣುಕುತ್ತದೆ. ಮೊದಲದು, ಕೊನೆಯದು, ನಡುವೆ ಒಂದು ಇಟ್ಟು ಉಳಿದವನ್ನು ತಾತ್ಕಾಲಿಕವಾಗಿ ಕೈಬಿಟ್ಟು (ಸಪ್ರೆಸ್) ನೋಡಿ. ಬಹಳ ಸಲ ಅಷ್ಟಕ್ಕೇ ಮೈ ಬಿಗಿಯಾಗುತ್ತದೆ.

ಸಬ್‌ಡಿವಿಷನ್ ವಿಧಾನದಲ್ಲಿ, ಅಂದರೆ ಪಂಜರದ ಬಿಂದು ಎಳೆದು ಮೈ ರೂಪಿಸುವ ರೀತಿಯಲ್ಲಿ, ಸುಕ್ಕು ಸಾಮಾನ್ಯವಾಗಿ ಮೂರು ಅಥವಾ ಐದು ಗೆರೆಗಳು ಕೂಡುವ ನಕ್ಷತ್ರ ಬಿಂದುಗಳ ಸುತ್ತ ಕಾಣುತ್ತದೆ. ಕ್ಯಾಟ್‌ಮಲ್ ಮತ್ತು ಕ್ಲಾರ್ಕ್ 1978ರಲ್ಲಿ ಪ್ರಕಟಿಸಿದ ವಿಧಾನದಲ್ಲೇ ಈ ಬಿಂದುಗಳಲ್ಲಿ ಇಳಿಜಾರು ಮಾತ್ರ ಹೊಂದುತ್ತದೆ, ಬಾಗು ಹೊಂದುವುದಿಲ್ಲ. ಅವನ್ನು ಇಲ್ಲವಾಗಿಸಲು ಹೆಣಗಬೇಡಿ, ಹೊಳಪು ಬೀಳದ ಕಡೆಗೆ ಸರಿಸಿ.

## ಲಾಫ್ಟ್ ತಿರುಚಿಕೊಂಡಿದೆ

ಹಿಂಡಿದ ಬಟ್ಟೆಯಂತೆ ಮೈ ತಿರುಗಿದ್ದರೆ ಪ್ರೊಫೈಲ್‌ಗಳ ಆರಂಭ ಬಿಂದುಗಳು ಎದುರುಬದುರಾಗಿಲ್ಲ. ಕನೆಕ್ಟರ್ ಹಿಡಿಕೆಗಳನ್ನು ತೋರಿಸಿ, ಎಳೆದು ಒಂದೇ ಸಾಲಿಗೆ ತನ್ನಿ. ವೃತ್ತದಿಂದ ಚೌಕಕ್ಕೆ ಲಾಫ್ಟ್ ಮಾಡುವಾಗ ಚೌಕಕ್ಕೆ ನಾಲ್ಕು ಮೂಲೆ, ವೃತ್ತಕ್ಕೆ ಒಂದೂ ಇಲ್ಲ. ವೃತ್ತವನ್ನು ಮೂಲೆಗಳ ನೇರಕ್ಕೆ ನಾಲ್ಕು ತುಂಡು ಮಾಡಿದರೆ ತಿರುಚು ನಿಲ್ಲುತ್ತದೆ.

## ಫಿಲೆಟ್ ಅಥವಾ ಶೆಲ್ ಆಗುತ್ತಲೇ ಇಲ್ಲ

ಮೊದಲ ಪರೀಕ್ಷೆ: ಸಂಖ್ಯೆಯನ್ನು ಹತ್ತನೇ ಒಂದಕ್ಕೆ ಇಳಿಸಿ. 2 ಮಿ.ಮೀ. ಆಗದ ಕಡೆ 0.2 ಆಗುತ್ತದೆಯೇ? ಆಗುತ್ತದೆ ಎಂದಾದರೆ ದೋಷ ಇರುವುದು ಜಾಗದಲ್ಲಿ, ಅಂದರೆ ಬಾಗು ಕಿರಿದು ಅಥವಾ ಪಕ್ಕದ ಫೇಸ್ ಚಿಕ್ಕದು. 0.2 ಕೂಡ ಆಗದಿದ್ದರೆ ಆ ಎಡ್ಜೇ ಕೆಟ್ಟಿದೆ: ಕೂದಲಂಥ ಸಣ್ಣ ಫೇಸ್, ಮುಚ್ಚದ ಜೋಡಣೆ, ಅಥವಾ ತನ್ನನ್ನೇ ದಾಟುವ ಮೇಲ್ಮೈ.

ಜಾಗದ ತೊಂದರೆಯಾದರೆ ಬಾಗಿನ ವಿಶ್ಲೇಷಣೆಯಲ್ಲಿ ಅತಿ ಕಡಿಮೆ ತ್ರಿಜ್ಯ ಎಲ್ಲಿದೆ ಎಂದು ನೋಡಿ. ಮುಕ್ತ ಮೇಲ್ಮೈಯೊಂದು ಒಂದು ಕಡೆ 2 ಮಿ.ಮೀ. ತ್ರಿಜ್ಯಕ್ಕೆ ಬಾಗಿದ್ದರೆ ಅದನ್ನು ಬಾಗಿನ ಒಳಬದಿಗೆ 2.5 ಮಿ.ಮೀ. ದಪ್ಪ ಮಾಡಲಾಗದು, ಒಳಮೈ ತನ್ನನ್ನೇ ದಾಟುತ್ತದೆ. ಗೋಡೆ ತೆಳುವಾಗಬೇಕು ಅಥವಾ ಬಾಗು ಹಿಗ್ಗಬೇಕು, ಮೂರನೆಯ ದಾರಿಯಿಲ್ಲ.

ಮೇಲ್ಮೈಯ ಒಂದು ಅಂಚು ಒಂದೇ ಬಿಂದುವಿಗೆ ಕುಗ್ಗಿರುವ ತ್ರಿಕೋನ ಪ್ಯಾಚ್‌ಗಳಲ್ಲೂ ಶೆಲ್ ಬೀಳುತ್ತದೆ. ಆ ಮೊನೆಯನ್ನು ಕತ್ತರಿಸಿ ತೆಗೆದು, ತೆರೆದ ಜಾಗಕ್ಕೆ ನಾಲ್ಕು ಅಂಚಿನ ಪ್ಯಾಚ್ ತುಂಬಿ.

ಕ್ರಮವೂ ಮುಖ್ಯ. ದೊಡ್ಡ ಫಿಲೆಟ್ ಮೊದಲು, ಸಣ್ಣವು ಆಮೇಲೆ. ಹೊರ ಅಂಚಿನ ಫಿಲೆಟ್ ಮುಗಿದ ಮೇಲೆ ಶೆಲ್ ಮಾಡಿದರೆ ಗೋಡೆಯ ದಪ್ಪ ಎಲ್ಲೆಡೆ ಒಂದೇ ಬರುತ್ತದೆ.

## ಮೇಲ್ಮೈಗಳು ಹೊಲಿದು ಘನವಾಗುತ್ತಿಲ್ಲ

ಎಲ್ಲ ಫೇಸ್‌ಗಳೂ ಕೂಡಿದಂತೆ ಕಾಣುತ್ತವೆ, ಆದರೂ ಘನ ಆಗದು. ತೆರೆದ ಅಂಚುಗಳನ್ನು ತೋರಿಸುವ ಸಾಧನ ಬಳಸಿ. ಫ್ರೀಕ್ಯಾಡ್‌ನ ಚೆಕ್ ಜಿಯಾಮೆಟ್ರಿ, ರೈನೋದ ಶೋ ಎಡ್ಜಸ್, ಸಾಲಿಡ್‌ವರ್ಕ್ಸ್‌ನ ಚೆಕ್ ಇದಕ್ಕಾಗಿಯೇ ಇವೆ. ಸಾಲಿಡ್‌ವರ್ಕ್ಸ್, ಎನ್‌ಎಕ್ಸ್, ಆನ್‌ಶೇಪ್‌ಗಳ ಒಳಗಿರುವ ಪ್ಯಾರಾಸಾಲಿಡ್ ಕರ್ನಲ್ (ಆಕಾರಗಳ ಲೆಕ್ಕ ಮಾಡುವ ಭಾಗ) 0.00001 ಮಿ.ಮೀ. ನಿಖರತೆಯಲ್ಲಿ ಕೆಲಸ ಮಾಡುತ್ತದೆ. ಅಷ್ಟು ಬಿಗಿಯಿಲ್ಲದ ತಂತ್ರಾಂಶದಿಂದ ಬಂದ ಅಂಚುಗಳು ನಮ್ಮ ಕಣ್ಣಿಗೆ ಕೂಡಿದ್ದರೂ ಅದರ ಲೆಕ್ಕದಲ್ಲಿ ಬಿಟ್ಟಿರುತ್ತವೆ.

ಇಲ್ಲಿ ಒಂದು ಎಚ್ಚರಿಕೆ. ಹೊಲಿಯುವ ಟಾಲರೆನ್ಸನ್ನು (ಒಪ್ಪುವ ಸಂದಿನ ಮಿತಿಯನ್ನು) 0.1 ಮಿ.ಮೀ.ಗೆ ಏರಿಸಿ ಬಲವಂತವಾಗಿ ಕೂಡಿಸುವ ಆಸೆಯಾಗುತ್ತದೆ, ಕೂಡುತ್ತದೆ ಕೂಡ. ಆದರೆ ಸಂದು ಮುಚ್ಚಿರುವುದಿಲ್ಲ, ಮುಚ್ಚಿದೆ ಎಂದು ತಂತ್ರಾಂಶ ಒಪ್ಪಿಕೊಂಡಿರುತ್ತದೆ ಅಷ್ಟೇ. ಮುಂದೆ ಶೆಲ್, ಬೂಲಿಯನ್ (ಘನಗಳನ್ನು ಕೂಡಿಸುವುದು, ಕಳೆಯುವುದು), ಕಟರ್ ಸಾಗುವ ಟೂಲ್‌ಪಾತ್ ಎಲ್ಲವೂ ಅಲ್ಲಿ ಎಡವುತ್ತವೆ, ಆಗ ಕಾರಣ ಯಾರಿಗೂ ನೆನಪಿರುವುದಿಲ್ಲ. ಕೆಟ್ಟ ಫೇಸ್ ಅಳಿಸಿ, ಪಕ್ಕದ ಅಂಚುಗಳಿಂದಲೇ ಹೊಸದನ್ನು ಕಟ್ಟಿ.

## ಉಬ್ಬಕ್ಷರದ ಕಮ್ಯಾಂಡ್ ಒಪ್ಪುತ್ತಿಲ್ಲ

ಮೇಲ್ಮೈಯನ್ನು ಅನುಮಾನಿಸುವ ಮೊದಲು ಅಕ್ಷರವನ್ನು ಅನುಮಾನಿಸಿ. ಪಠ್ಯ ತೆಗೆದು ಅದೇ ಜಾಗದಲ್ಲಿ ಒಂದು ಸಣ್ಣ ವೃತ್ತ ಇಟ್ಟು ಎಂಬಾಸ್ ಮಾಡಿ. ವೃತ್ತ ಏರಿದರೆ ಮೇಲ್ಮೈ ಸರಿಯಿದೆ, ದೋಷ ಫಾಂಟ್‌ನದು. ಒಂದೇ ಗೆರೆಯ ಫಾಂಟ್‌ಗಳಿಗೆ ಒಳಜಾಗವೇ ಇಲ್ಲ, ಅವು ಉಬ್ಬಲಾರವು. ಕೆಲವು ಫಾಂಟ್‌ಗಳಲ್ಲಿ, ಅದರಲ್ಲೂ ವೇರಿಯಬಲ್ ಫಾಂಟ್‌ಗಳಲ್ಲಿ, ಅಕ್ಷರದ ಭಾಗಗಳು ಒಂದರ ಮೇಲೊಂದು ಹಾಯ್ದಿರುತ್ತವೆ. ಅವನ್ನು ಗೆರೆಗಳಾಗಿ ಒಡೆದು ಒಂದಾಗಿಸಬೇಕು.

ಕನ್ನಡ ಬರೆಯುವಾಗ ಇನ್ನೊಂದು ತೊಡಕಿದೆ. ಹಲವು ಕ್ಯಾಡ್ ಪಠ್ಯ ಸಾಧನಗಳಿಗೆ ಒತ್ತಕ್ಷರ ಕೂಡಿಸಲು ಬರುವುದಿಲ್ಲ, ‘ಕ್ಷ’ ಎಂಬುದು ಬಿಡಿಬಿಡಿಯಾಗಿ ನಿಲ್ಲುತ್ತದೆ. ಇಂಕ್‌ಸ್ಕೇಪ್‌ನಲ್ಲಿ ಬರೆದು, ಆಬ್ಜೆಕ್ಟ್ ಟು ಪಾತ್ ಮಾಡಿ, ಯೂನಿಯನ್ ಒತ್ತಿ, ಎಸ್‌ವಿಜಿ ಆಗಿ ತನ್ನಿ. ತಂದ ಮೇಲೆ ಅಳತೆ ಪರೀಕ್ಷಿಸಿ. ಸುಮಾರು 6.7 ಶೇಕಡಾ ವ್ಯತ್ಯಾಸ ಬಂದರೆ ಇಂಚಿಗೆ 90 ಮತ್ತು 96 ಬಿಂದುಗಳ ಲೆಕ್ಕ ಬೆರೆತಿದೆ. ಮೂರನೇ ಒಂದರಷ್ಟು ಹಿಗ್ಗಿದ್ದರೆ 72 ಮತ್ತು 96 ಬೆರೆತಿವೆ.

ವೃತ್ತವೂ ಏರದಿದ್ದರೆ ಅದು ಬಿದ್ದಿರುವ ಜಾಗ ಎರಡು ಫೇಸ್‌ಗಳ ಗಡಿ ದಾಟುತ್ತಿದೆಯೇ ನೋಡಿ. ಸಿಲಿಂಡರ್‌ಗೂ ಒಂದು ಸೇರುಗೆರೆ ಇರುತ್ತದೆ, ಅದನ್ನು ಹಿಂಬದಿಗೆ ತಿರುಗಿಸಿ.

## ಅಕ್ಷರ ಏರಿದೆ, ಆದರೆ ಸರಿಯಾಗಿ ಕೂತಿಲ್ಲ

ಅಂಚಿನ ಅಕ್ಷರಗಳು ಹಿಗ್ಗಿದ್ದರೆ ನೀವು ಸುತ್ತಿಲ್ಲ, ಎಸೆದಿದ್ದೀರಿ. ಸಮತಲದಿಂದ ನೇರವಾಗಿ ಪ್ರೊಜೆಕ್ಟ್ ಮಾಡಿದಾಗ ಮೇಲ್ಮೈ ಓರೆಯಾದಂತೆಲ್ಲ ಅಕ್ಷರ ಎಳೆದುಕೊಳ್ಳುತ್ತದೆ. 40 ಮಿ.ಮೀ. ವ್ಯಾಸದ ಕೊಳವೆಯ ಮೇಲೆ 30 ಮಿ.ಮೀ. ಅಗಲದ ಪದ ಎಸೆದರೆ ಮೈಮೇಲೆ ಅದರ ಉದ್ದ ಸುಮಾರು 34 ಮಿ.ಮೀ. ಆಗುತ್ತದೆ. ಒಟ್ಟು 13 ಶೇಕಡಾ ಹಿಗ್ಗು ಎಂದರೆ ಸಣ್ಣದೆನಿಸಬಹುದು, ಆದರೆ ಅದು ಸಮವಾಗಿ ಹಂಚಿಲ್ಲ: ನಡುವಿನ ಅಕ್ಷರ ಹಾಗೇ ಇರುತ್ತದೆ, ತೀರಾ ಅಂಚಿನಲ್ಲಿ ಒಂದೂವರೆ ಪಟ್ಟು ಎಳೆದಿರುತ್ತದೆ. ರ‍್ಯಾಪ್ ಅಥವಾ ಎಂಬಾಸ್ ಕಮ್ಯಾಂಡ್ ಬಳಸಿದರೆ ಕಾಗದ ಸುತ್ತಿದಂತೆ ಉದ್ದ ಉಳಿಯುತ್ತದೆ.

ಅಕ್ಷರದ ತಲೆ ಚಪ್ಪಟೆಯಾಗಿದ್ದು ಅಂಚಿನಲ್ಲಿ ಗೋಡೆಯಂತೆ ಎತ್ತರವಾಗಿದ್ದರೆ ಎಕ್ಸ್‌ಟ್ರೂಡ್ (ಆಕಾರವನ್ನು ನೇರ ಎಳೆದು ಘನ ಮಾಡುವುದು) ಸಮತಲದವರೆಗೆ ನಿಂತಿದೆ. ಅದೇ ಕೊಳವೆಯಲ್ಲಿ ನಡುವಿನಿಂದ 15 ಮಿ.ಮೀ. ಆಚೆ ಮೇಲ್ಮೈ 6.8 ಮಿ.ಮೀ. ಕೆಳಗಿಳಿದಿರುತ್ತದೆ. ನಡುವೆ 1 ಮಿ.ಮೀ. ಇರುವ ಉಬ್ಬು ಅಲ್ಲಿ 7.8 ಆಗುತ್ತದೆ. ಮೇಲ್ಮೈಯನ್ನು ಬೇಕಾದ ಎತ್ತರಕ್ಕೆ, 0.8 ಎನ್ನಿ, ಆಫ್‌ಸೆಟ್ ಮಾಡಿ ಅದರವರೆಗೆ ಮಾತ್ರ ಎಕ್ಸ್‌ಟ್ರೂಡ್ ಮಾಡಿ. ಈ ಒಂದು ಅಭ್ಯಾಸ ಉಬ್ಬುಗಳ ಅರ್ಧ ದೋಷಗಳನ್ನು ತಡೆಯುತ್ತದೆ.

ಗೋಳದಂಥ, ಎರಡೂ ದಿಕ್ಕಿಗೆ ಬಾಗಿದ ಮೈಮೇಲೆ ಯಾವ ಕಮ್ಯಾಂಡ್ ಬಳಸಿದರೂ ಸ್ವಲ್ಪ ವಿಕಾರ ಉಳಿಯುತ್ತದೆ. ಇದು ತಂತ್ರಾಂಶದ ಕೊರತೆಯಲ್ಲ. ಚಪ್ಪಟೆ ಹಾಳೆಯನ್ನು ಹಿಗ್ಗಿಸದೆ ಗೋಳಕ್ಕೆ ಅಂಟಿಸಲಾಗದೆಂದು ಗೌಸ್ 1827ರಲ್ಲೇ ಸಾಧಿಸಿದ್ದಾರೆ. ಸಿಲಿಂಡರ್, ಶಂಕುಗಳಿಗೆ ಆ ಅಡ್ಡಿಯಿಲ್ಲ. ಗೋಳದ ಮೇಲೆ ಪದವನ್ನು ಒಟ್ಟಿಗೆ ಎಸೆಯದೆ ಒಂದೊಂದು ಅಕ್ಷರವನ್ನೂ ಅದರದೇ ಸ್ಪರ್ಶಕ ಸಮತಲದಿಂದ ಎಸೆದರೆ ವಿಕಾರ ಕಣ್ಣಿಗೆ ಬೀಳದಷ್ಟು ಕಡಿಮೆಯಾಗುತ್ತದೆ.

ಅಕ್ಷರದ ಬುಡದಲ್ಲಿ ಸಂದು ಕಂಡರೆ, ಅಥವಾ ಸ್ಲೈಸರ್ (ಮಾಡೆಲನ್ನು ಪ್ರಿಂಟಿನ ಪದರಗಳಾಗಿ ಕತ್ತರಿಸುವ ತಂತ್ರಾಂಶ) ಅದನ್ನು ಬೇರೆ ತುಂಡೆಂದು ಓದಿದರೆ, ಉಬ್ಬನ್ನು ಮೈಯೊಳಗೆ ಅರ್ಧ ಮಿ.ಮೀ. ಹುದುಗಿಸಿ ಆಮೇಲೆ ಜೋಡಿಸಿ. ಬರೀ ತಾಗಿ ನಿಂತ ಎರಡು ಘನಗಳನ್ನು ಕೂಡಿಸಹೋದರೆ ಶೂನ್ಯ ದಪ್ಪದ ಎಡ್ಜ್ ಹುಟ್ಟುತ್ತದೆ. ಪರದೆಯಲ್ಲಿ ಅಕ್ಷರದ ತಲೆ ಮಿಣಮಿಣ ಮಿನುಗುತ್ತಿದ್ದರೆ ಒಂದೇ ಜಾಗದಲ್ಲಿ ಎರಡು ಫೇಸ್ ಕೂತಿವೆ.

ಅಚ್ಚಿನಲ್ಲಿ ಎರಕವಾಗುವ ಭಾಗವಾದರೆ ಅಕ್ಷರದ ಗೋಡೆಗಳು ಯಾವ ದಿಕ್ಕಿಗೆ ನಿಂತಿವೆ ಎಂದು ಗೋಡೆಯ ಓರೆ ತೋರಿಸುವ ಡ್ರಾಫ್ಟ್ ವಿಶ್ಲೇಷಣೆಯಲ್ಲಿ ನೋಡಲೇಬೇಕು. ಮೇಲ್ಮೈಗೆ ಲಂಬವಾಗಿ ಎದ್ದ ಅಕ್ಷರಗಳು ಬಾಗಿನ ಅಂಚಿನಲ್ಲಿ ಹೊರಕ್ಕೆ ಚಾಚಿ ಅಚ್ಚಿಗೆ ಸಿಕ್ಕಿಕೊಳ್ಳುತ್ತವೆ. ಅಲ್ಲಿ ಎಲ್ಲ ಗೋಡೆಗಳೂ ಅಚ್ಚು ತೆರೆಯುವ ದಿಕ್ಕಿಗೇ ಇರಬೇಕು, 1ರಿಂದ 3 ಡಿಗ್ರಿ ಓರೆಯೊಂದಿಗೆ.

## ಚಿತ್ರದಿಂದ ಮಾಡಿದ ಉಬ್ಬುಶಿಲ್ಪದಲ್ಲಿ ಮೆಟ್ಟಿಲುಗಳು

ಕಪ್ಪುಬಿಳುಪು ಚಿತ್ರದ ಛಾಯೆಯನ್ನೇ ಎತ್ತರವಾಗಿ ತೆಗೆದುಕೊಂಡಾಗ 8 ಬಿಟ್ ಚಿತ್ರದಲ್ಲಿ ಸಿಗುವುದು 256 ಮಟ್ಟಗಳು ಮಾತ್ರ. 10 ಮಿ.ಮೀ. ಎತ್ತರಕ್ಕೆ ಒಂದೊಂದು ಮೆಟ್ಟಿಲು 0.04 ಮಿ.ಮೀ. ಆಗುತ್ತದೆ, ಹೊಳಪು ಕೊಟ್ಟ ಲೋಹದಲ್ಲಿ ಅದು ಕಾಣುತ್ತದೆ. 16 ಬಿಟ್‌ನಲ್ಲಿ 65,536 ಮಟ್ಟಗಳಿವೆ. ಮೈತುಂಬ ಚುಕ್ಕೆ ಚುಕ್ಕೆ ಇದ್ದರೆ ಚಿತ್ರ ಜೆಪಿಇಜಿ ಆಗಿದ್ದಿರಬೇಕು. ಪಿಎನ್‌ಜಿ ಮೂಲ ಹುಡುಕಿ.

## ಮಾಡೆಲ್ ಸರಿಯಿದೆ, ಕೈಗೆ ಬಂದ ಭಾಗ ಸರಿಯಿಲ್ಲ

ಜೀಬ್ರಾ ಪಟ್ಟೆ ಶುದ್ಧವಾಗಿದ್ದು, ರಫ್ತೂ ಸೂಕ್ಷ್ಮವಾಗಿದ್ದು, ಆದರೂ ಪ್ರಿಂಟ್ ಮೇಲೆ ಭೂಪಟದ ಗೆರೆಗಳಂಥ ಉಂಗುರ ಕಂಡರೆ ಅವು ಪದರಗಳು. 5 ಡಿಗ್ರಿ ಇಳಿಜಾರಿನಲ್ಲಿ 0.2 ಮಿ.ಮೀ. ಪದರದ ಮೆಟ್ಟಿಲು ಸುಮಾರು 2.3 ಮಿ.ಮೀ. ಅಗಲವಾಗುತ್ತದೆ. ಕ್ಯಾಡ್‌ನಲ್ಲಿ ಏನು ಮಾಡಿದರೂ ಇದು ಹೋಗದು, ಭಾಗವನ್ನು ತಿರುಗಿಸಿ ಪ್ರಿಂಟ್ ಮಾಡಿ. 0.4 ಮಿ.ಮೀ. ನಳಿಕೆಯಲ್ಲಿ ಅದಕ್ಕಿಂತ ತೆಳುವಾದ ಅಕ್ಷರದ ಗೆರೆಗಳು ಮುರಿಯುತ್ತವೆ ಅಥವಾ ಬರುವುದೇ ಇಲ್ಲ.

ಸಿಎನ್‌ಸಿಯಲ್ಲಿ (ಕಂಪ್ಯೂಟರ್ ನಡೆಸುವ ಕಡಿಯುವ ಯಂತ್ರದಲ್ಲಿ) ಸಾಲುಸಾಲು ಗೆರೆ ಉಳಿದರೆ ಅದು ಗುಂಡು ಮೂತಿಯ ಬಾಲ್ ಕಟರ್‌ನ ಹೆಜ್ಜೆ. 6 ಮಿ.ಮೀ. ಕಟರ್ 0.5 ಮಿ.ಮೀ. ಹೆಜ್ಜೆಯಲ್ಲಿ ಸುಮಾರು 0.01 ಮಿ.ಮೀ. ಎತ್ತರದ ಸಾಲು ಬಿಡುತ್ತದೆ. ಹೆಜ್ಜೆ ಅರ್ಧವಾದರೆ ಸಾಲು ಕಾಲುಭಾಗವಾಗುತ್ತದೆ, ಸಮಯ ದುಪ್ಪಟ್ಟು.

ಉಜ್ಜುವಾಗ ಮಾಸ್ಕ್ ಹಾಕಿ, ಸಾಧ್ಯವಾದರೆ ನೀರು ಹಾಕಿ ಉಜ್ಜಿ. ಗಟ್ಟಿಯಾಗದ ರೆಸಿನ್‌ಗೆ ಬರಿಗೈ ಬೇಡ. ದುರಸ್ತಿ ಮಾಡಿದ ಮೇಲ್ಮೈಯ ಟೂಲ್‌ಪಾತನ್ನು ಮೊದಲು ಸಿಮ್ಯುಲೇಶನ್‌ನಲ್ಲಿ, ಆಮೇಲೆ ಭಾಗದ ಮೇಲೆ ಗಾಳಿಯಲ್ಲಿ ಓಡಿಸಿ ನೋಡದೆ ಕಟರ್ ಇಳಿಸಬೇಡಿ. ಕಾಣದ ಸಂದಿಯೊಂದಿದ್ದರೆ ಕಟರ್ ಅದರೊಳಗೆ ಇಳಿಯುತ್ತದೆ, ತುಂಡಾದ ಕಟರ್ ಕಣ್ಣಿಗೆ ಹಾರಬಹುದು. ಕಣ್ಣಿನ ರಕ್ಷಣೆ ಇಲ್ಲದೆ ಯಂತ್ರದ ಬಳಿ ನಿಲ್ಲಬೇಡಿ.

## ಎಲ್ಲಿ ನಿಲ್ಲಿಸಬೇಕು

ಗೆರೆಗಳನ್ನು ಎರಡು ಸಲ ಹೊಸದಾಗಿ ಎಳೆದ ಮೇಲೂ ಅದೇ ದೋಷ ಬಂದರೆ ಮೇಲ್ಮೈಯನ್ನು ತುಂಡುಗಳಾಗಿ ವಿಂಗಡಿಸಿದ ಯೋಜನೆಯೇ ತಪ್ಪಿರುತ್ತದೆ. ಆಗ ಅನುಭವಿ ಸರ್ಫೇಸ್ ಮಾಡೆಲರ್ ಒಬ್ಬರ ಅರ್ಧ ಗಂಟೆ ನಿಮ್ಮ ಒಂದು ವಾರಕ್ಕೆ ಸಮ.

ಹೆಲ್ಮೆಟ್, ಒತ್ತಡದ ಪಾತ್ರೆ, ದೇಹಕ್ಕೆ ತೊಡುವ ಉಪಕರಣ, ಭಾರ ಹೊರುವ ಕೊಂಡಿ ಇಂಥವುಗಳಲ್ಲಿ ನೋಟಕ್ಕಾಗಿ ಬಾಗು ಬದಲಿಸುವ ಮುನ್ನ ವಿನ್ಯಾಸದ ಹೊಣೆ ಹೊತ್ತ ಎಂಜಿನಿಯರ್‌ಗೆ ತಿಳಿಸಿ. ಒಂದು ಫಿಲೆಟ್ ಕಿರಿದಾದರೆ ಅಲ್ಲಿ ಒತ್ತಡ ಕೂಡಿಕೊಂಡು ಬಿರುಕು ಹುಟ್ಟಬಹುದು. ಅಚ್ಚು ಈಗಾಗಲೇ ತಯಾರಾಗಿದ್ದರೆ ಅಚ್ಚು ಮಾಡಿದವರಿಗೆ ಹೇಳದೆ ಒಂದು ಫೇಸ್ ಕೂಡ ಮುಟ್ಟಬೇಡಿ.

ಸಹಾಯ ಕೇಳುವಾಗ ಬರೀ ಪರದೆಯ ಚಿತ್ರ ಕಳಿಸಿದರೆ ಯಾರೂ ಏನೂ ಹೇಳಲಾರರು. ದೋಷ ಒಳಬಂದ ಫೀಚರ್‌ವರೆಗೆ ಕತ್ತರಿಸಿದ ಫೈಲ್, ತಂತ್ರಾಂಶದ ಆವೃತ್ತಿ, ಅಳತೆಯ ಮಾನ, ಜೀಬ್ರಾ ಪಟ್ಟೆಯ ಒಂದು ಚಿತ್ರ, ಸ್ಪ್ಲೈನ್ ಕೋಂಬ್‌ನ ಒಂದು ಚಿತ್ರ ಕೊಡಿ. ಫೈಲ್ ಬೇರೆಯವರ ಕೆಲಸದ್ದಾದರೆ ಅದನ್ನು ಹೊರಗೆ ಕೊಡಬೇಡಿ. ಅದೇ ದೋಷ ಮರುಕಳಿಸುವ ಪುಟ್ಟ ಭಾಗವೊಂದನ್ನು ಬೇರೆಯಾಗಿ ಮಾಡಿ ಅದನ್ನು ಕಳಿಸಿ. ಹಾಗೆ ಮಾಡುವಾಗ ಆ ಪುಟ್ಟ ಭಾಗದಲ್ಲಿ ದೋಷ ಬರದೇ ಹೋದರೆ, ಎರಡರ ನಡುವೆ ಯಾವ ಗೆರೆ ಬೇರೆಯಾಗಿದೆ ಎಂದು ಹುಡುಕಿ.